ಸಂಚಿನ ಆರೋಪದ ದಾವೆ ಮತ್ತು ಧಾರವಾಡದ ಒಂದು ವಕೀಲರ ಕಚೇರಿ: ಸೇವೆಯ ವಿಮರ್ಶೆ

ನಮ್ಮ ಮೇಲೆ ಹೂಡಲಾಗಿದ್ದ ಸಿವಿಲ್ ದಾವೆಯೊಂದನ್ನು ಧಾರವಾಡದ ಒಂದು ವಕೀಲರ ಕಚೇರಿ ಮೊದಲ ನೋಟಿಸಿನಿಂದ ಹಿಡಿದು ವಾದಪತ್ರ (ದಾವೆ ಹೂಡಿದವರು ನ್ಯಾಯಾಲಯಕ್ಕೆ ಬರೆದುಕೊಡುವ ದೂರು) ತಿರಸ್ಕೃತವಾಗುವವರೆಗೆ ಹೇಗೆ ನಡೆಸಿತು ಎಂಬುದನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಕಚೇರಿಯ ಹೆಸರನ್ನು ಬರೆಯುವುದಿಲ್ಲ. ವಕೀಲರು ಪ್ರಚಾರದ ಮೂಲಕ ಕಕ್ಷಿದಾರರನ್ನು ಸೆಳೆಯುವುದನ್ನು ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮ ನಿಷೇಧಿಸುತ್ತದೆ. ವ್ಯಾಪಾರಿ ತಾಣಗಳು ವಕೀಲರನ್ನು ಪಟ್ಟಿಮಾಡಿ ಅಂಕ ಕೊಡುವುದನ್ನು ಮದ್ರಾಸ್ ಹೈಕೋರ್ಟ್ 2024ರ ಜುಲೈನಲ್ಲಿ ಕಟುವಾಗಿ ಆಕ್ಷೇಪಿಸಿದೆ. ನನ್ನ ಮೆಚ್ಚುಗೆಯೇ ಅವರಿಗೆ ತೊಡಕಾಗಬಾರದು. ಹೆಸರಿಲ್ಲದಿದ್ದರೂ ಈ ಬರಹ ಉಪಯೋಗಕ್ಕೆ ಬರುತ್ತದೆ ಎಂದು ನಂಬಿದ್ದೇನೆ, ಏಕೆಂದರೆ 'ಎಲ್ಲರೂ ಸೇರಿ ಸಂಚು ಮಾಡಿದರು' ಎಂಬ ದಾವೆ ಮನೆಬಾಗಿಲಿಗೆ ಬಂದಾಗ ವಕೀಲರಿಂದ ಎಂಥ ಕೆಲಸವನ್ನು ನಿರೀಕ್ಷಿಸಬೇಕು ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ನಾನು ಮತ್ತು ಇಬ್ಬರು ಸಹೋದ್ಯೋಗಿಗಳು ಸಪ್ತಾಪುರದ ಕಡೆಯ ಒಂದು ಸ್ಪರ್ಧಾತ್ಮಕ ಪರೀಕ್ಷಾ ತರಬೇತಿ ಕೇಂದ್ರದಲ್ಲಿ ಪಾಠ ಮಾಡುತ್ತಿದ್ದೆವು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳಿಗೆ ಓದಲು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಬರುವ ಹುಡುಗ ಹುಡುಗಿಯರಿಂದಲೇ ಆ ಭಾಗದ ಪಿಜಿಗಳು, ಖಾನಾವಳಿಗಳು, ಝೆರಾಕ್ಸ್ ಅಂಗಡಿಗಳು ನಡೆಯುತ್ತವೆ. ಕೇಂದ್ರಗಳ ನಡುವಿನ ಪೈಪೋಟಿಯೂ ಅಷ್ಟೇ ಬಿರುಸಾಗಿದೆ. ನಾವು ಕೆಲಸ ಬಿಟ್ಟು ಸ್ವಂತ ಕೇಂದ್ರ ಆರಂಭಿಸಿದೆವು. ಹಿಂದಿನ ಸಂಸ್ಥೆಯವರು ನಮ್ಮ ಮೂವರ ಜೊತೆಗೆ ನಮಗೆ ಜಾಗ ಬಾಡಿಗೆ ಕೊಟ್ಟ ಹಿರಿಯರನ್ನೂ ಕರಪತ್ರ ಅಚ್ಚುಹಾಕಿದ ಮುದ್ರಣಾಲಯದವರನ್ನೂ ಪ್ರತಿವಾದಿಗಳನ್ನಾಗಿ ಮಾಡಿ, ಎಲ್ಲರೂ ಪರಸ್ಪರ ಶಾಮೀಲಾಗಿ ತಮ್ಮ ಸಂಸ್ಥೆಯನ್ನು ಮುಚ್ಚಿಸುವ ಸಂಚು ರೂಪಿಸಿದ್ದಾರೆ ಎಂದು ದಾವೆ ಹೂಡಿದರು. 25 ಲಕ್ಷ ರೂಪಾಯಿ ನಷ್ಟಪರಿಹಾರವನ್ನೂ, ಎರಡು ವರ್ಷ ಹುಬ್ಬಳ್ಳಿ-ಧಾರವಾಡದಲ್ಲಿ ನಾವು ಪಾಠ ಮಾಡದಂತೆ ತಡೆಯಾಜ್ಞೆಯನ್ನೂ ಕೇಳಿದ್ದರು.

ಈ ಕಚೇರಿಗೆ ನಾವು ಹೋದದ್ದು ದಾವೆಗೂ ಮುಂಚೆ, ಲೀಗಲ್ ನೋಟಿಸು ಬಂದಾಗಲೇ. ನಮ್ಮ ಅದೃಷ್ಟ ಇದ್ದದ್ದು ಅಲ್ಲಿ. ಹಿರಿಯ ವಕೀಲರು ನೋಟಿಸಿನ ಆರೋಪಗಳನ್ನು ಮುಟ್ಟುವ ಮೊದಲೇ ನಮ್ಮನ್ನು ಬೇರೆ ಬೇರೆಯಾಗಿ ಕೂರಿಸಿಕೊಂಡು, ಹಳೆಯ ಕೇಂದ್ರದಿಂದ ಏನಾದರೂ ತಂದಿದ್ದೀರಾ ಎಂದು ಕೇಳಿದರು: ವಿದ್ಯಾರ್ಥಿಗಳ ಫೋನ್ ನಂಬರುಗಳ ಪಟ್ಟಿ, ಪ್ರಶ್ನೆಪತ್ರಿಕೆಗಳು, ಟೈಪ್ ಮಾಡಿದ ನೋಟ್ಸು, ಪೆನ್‌ಡ್ರೈವ್. ನೌಕರಿಯಲ್ಲಿದ್ದಾಗ ಆ ಕೆಲಸದ ಭಾಗವಾಗಿ ಬರೆದ ನೋಟ್ಸು, ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಸಂಸ್ಥೆಗೇ ಸೇರುತ್ತದೆ, ಬರೆದವರು ನೀವೇ ಆದರೂ ನಿಮ್ಮದಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಕಕ್ಷಿದಾರನಿಗೆ ಹಿತವೆನಿಸದ ಮಾತನ್ನು ಮೊದಲ ಭೇಟಿಯಲ್ಲೇ ಹೇಳುವ ಧೈರ್ಯವನ್ನು ನಾನು ಈ ಸೇವೆಯ ಅತ್ಯಂತ ದೊಡ್ಡ ಗುಣವೆಂದು ಎಣಿಸುತ್ತೇನೆ. ನಾವು ಏನನ್ನೂ ತಂದಿರಲಿಲ್ಲ. ಪಾಠದ ಟಿಪ್ಪಣಿಗಳನ್ನೆಲ್ಲ ಹೊಸದಾಗಿ ಬರೆದುಕೊಂಡಿದ್ದೆವು. ಅದನ್ನೇ ಅವರು ಲಿಖಿತವಾಗಿ ನಮ್ಮಿಂದ ಪಡೆದುಕೊಂಡರು.

ಎರಡನೆಯ ಸಲಹೆ ಆಗ ನನಗೆ ವಿಚಿತ್ರವಾಗಿ ಕಂಡಿತ್ತು. ನಮ್ಮಲ್ಲಿ ಒಬ್ಬರು ಪೂರ್ತಿ ನೋಟಿಸ್ ಅವಧಿ ಕೊಡದೆ ಕೆಲಸ ಬಿಟ್ಟಿದ್ದರು, ಆ ಅವಧಿಯ ಸಂಬಳವನ್ನು ಸಂಸ್ಥೆ ನೋಟಿಸಿನಲ್ಲಿ ಕೇಳಿತ್ತು. ಜಗಳ ಮಾಡದೆ ಆ ಹಣವನ್ನು ಕೂಡಲೇ ಬ್ಯಾಂಕಿನ ಮೂಲಕ ಕಟ್ಟಿ, ಕಟ್ಟಿದ್ದಕ್ಕೆ ಪತ್ರ ಬರೆಯಿರಿ ಎಂದರು. ಇದರ ಹಿಂದಿನ ಲೆಕ್ಕಾಚಾರ ನಮಗೆ ಅರ್ಥವಾದದ್ದು ತಿಂಗಳುಗಳ ನಂತರ. ಮೂರನೆಯದಾಗಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬಾರದೆಂಬ ಮುಂಗಡ ಕೋರಿಕೆ, ಸಲ್ಲಿಸಿದರು. ಕೇವಿಯಟ್ 90 ದಿನ ಜೀವಂತವಿರುತ್ತದೆ. ಆ ಅವಧಿಯಲ್ಲಿ ನಮ್ಮನ್ನು ಕೇಳದೆ ಏಕಪಕ್ಷೀಯ ತಡೆಯಾಜ್ಞೆ ಪಡೆಯಲು ಎದುರಿನವರಿಗೆ ಸಾಧ್ಯವಾಗಲಿಲ್ಲ. ಬ್ಯಾಚ್ ಅರ್ಧಕ್ಕೆ ಬಂದಿದ್ದ ಸಮಯದಲ್ಲಿ ತರಗತಿ ನಿಂತಿದ್ದರೆ ಸಾಲ ಮಾಡಿ ಶುಲ್ಕ ಕಟ್ಟಿದ್ದ ಮಕ್ಕಳ ಗತಿ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ದಾವೆ ಬಂದ ಮೇಲೆ ಅವರು ಸಂಚು ಎಂಬ ಸಿವಿಲ್ ತಪ್ಪಿನ ಸ್ವರೂಪವನ್ನು ನಮಗೆ ವಿವರಿಸಿದ ರೀತಿಗೆ ಪ್ರತ್ಯೇಕ ಮೆಚ್ಚುಗೆ ಸಲ್ಲಬೇಕು. ಕ್ರಿಮಿನಲ್ ಕಾನೂನಿನಲ್ಲಿ, ಅಂದರೆ ಹಿಂದಿನ ದಂಡ ಸಂಹಿತೆಯ 120ಬಿ ಮತ್ತು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 61ನೆಯ ಕಲಮಿನಲ್ಲಿ, ಅಪರಾಧ ಮಾಡಲು ಇಬ್ಬರು ಒಪ್ಪಿಕೊಂಡರೆ ಆ ಒಪ್ಪಂದವೇ ಅಪರಾಧವಾಗಬಹುದು. ಸಿವಿಲ್ ದಾವೆಯಲ್ಲಿ ಹಾಗಲ್ಲ. ಇಲ್ಲಿ ಒಪ್ಪಂದವೂ ಇರಬೇಕು, ಅದರಂತೆ ನಡೆದ ಕೃತ್ಯವೂ ಇರಬೇಕು, ಆ ಕೃತ್ಯದಿಂದ ವಾದಿಗೆ ನಿಜವಾದ ನಷ್ಟವೂ ಆಗಿರಬೇಕು. ಇದರಲ್ಲೂ ಎರಡು ಬಗೆಗಳಿವೆ. ಮಾಡಿದ ಕೆಲಸ ಕಾನೂನುಬದ್ಧವೇ ಆಗಿದ್ದರೆ, ಸೇರಿಕೊಂಡವರ ಮುಖ್ಯ ಉದ್ದೇಶವೇ ವಾದಿಗೆ ಕೇಡು ಮಾಡುವುದಾಗಿತ್ತು ಎಂದು ತೋರಿಸಬೇಕು. ಬಳಸಿದ ಮಾರ್ಗವೇ ಕಾನೂನುಬಾಹಿರವಾಗಿದ್ದರೆ ಕೇಡಿನ ಉದ್ದೇಶ ಮುಖ್ಯವಾದದ್ದೇ ಆಗಿರಬೇಕಿಲ್ಲ, ಆದರೆ ಆ ಉದ್ದೇಶ ಇರಲೇಬೇಕು. 1991ರಲ್ಲಿ ಇಂಗ್ಲೆಂಡಿನ ಅಂದಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ಲೋನ್ರೋ ಮೊಕದ್ದಮೆಯಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿತು.

ನಮ್ಮ ಪ್ರಕರಣಕ್ಕೆ ಅವರು ಆಧಾರವಾಗಿ ಹಿಡಿದದ್ದು 1892ರಲ್ಲಿ ವರದಿಯಾದ, ಇಂಗ್ಲೆಂಡಿನದೇ ಮೊಗಲ್ ಸ್ಟೀಮ್‌ಶಿಪ್ ತೀರ್ಪನ್ನು. ಚೀನಾದಿಂದ ಚಹಾ ಸಾಗಿಸುತ್ತಿದ್ದ ಕೆಲವು ಹಡಗು ಕಂಪನಿಗಳು ಒಕ್ಕೂಟ ಕಟ್ಟಿಕೊಂಡು, ತಮ್ಮ ಹಡಗುಗಳಲ್ಲೇ ಸರಕು ಕಳಿಸುವ ವರ್ತಕರಿಗೆ ಶೇ. 5ರ ರಿಯಾಯಿತಿ ಕೊಟ್ಟು, ಬಾಡಿಗೆ ದರವನ್ನು ಇಳಿಸಿ, ಒಕ್ಕೂಟದ ಹೊರಗಿದ್ದ ಕಂಪನಿಯನ್ನು ಆ ವ್ಯಾಪಾರದಿಂದ ಹೊರದಬ್ಬಿದವು. ಹೊರಬಿದ್ದ ಕಂಪನಿಗೆ ನಷ್ಟವಾದದ್ದು ನಿಜ. ಆದರೂ ತಮ್ಮ ವ್ಯಾಪಾರವನ್ನು ಬೆಳೆಸಿಕೊಳ್ಳಲು ಕಾನೂನಿನ ಮಿತಿಯೊಳಗೆ ನಡೆಸಿದ ಪೈಪೋಟಿ ಸಂಚಾಗುವುದಿಲ್ಲ ಎಂದು ತೀರ್ಪಾಯಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 1976ರ ರೋಹ್ತಾಸ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಈ ತತ್ತ್ವಕ್ಕೆ ಮಹತ್ವ ಕೊಟ್ಟಿದೆ: ಮುಷ್ಕರ ಕಾನೂನುಬಾಹಿರವಾಗಿದ್ದರೂ, ಕಾರ್ಮಿಕರ ಉದ್ದೇಶ ತಮ್ಮ ಹಿತವನ್ನು ಕಾಪಾಡಿಕೊಳ್ಳುವುದಾಗಿದ್ದಾಗ ಅವರಿಂದ ಸಂಚಿನ ಹೆಸರಿನಲ್ಲಿ ಪರಿಹಾರ ವಸೂಲು ಮಾಡಲಾಗದು ಎಂದಿತು. ಇಷ್ಟನ್ನು ಅವರು ನಮಗೆ ಶುದ್ಧ ಕನ್ನಡದಲ್ಲಿ, ಪುಸ್ತಕ ತೆರೆದಿಟ್ಟುಕೊಂಡು, ಬಾಡಿಗೆ ಕೊಟ್ಟ ಹಿರಿಯರಿಗೂ ಅರ್ಥವಾಗುವಂತೆ ಹೇಳಿದರು.

ಇನ್ನು ನಿಜವಾದ ಕೆಲಸದ ವಿಷಯಕ್ಕೆ ಬರುತ್ತೇನೆ. ವಾದಪತ್ರವನ್ನು ಅವರ ಕಿರಿಯ ವಕೀಲರೊಬ್ಬರು ಪ್ಯಾರಾ ಪ್ಯಾರಾ ಓದಿ, ಪ್ರತಿ ಪ್ಯಾರಾದ ಎದುರು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದರು: ಒಪ್ಪಂದ ಮಾಡಿಕೊಂಡವರು ಯಾರು ಯಾರು, ಯಾವಾಗ, ಅದರಂತೆ ಯಾರು ಏನು ಮಾಡಿದರು, ಅದರಿಂದಾದ ನಷ್ಟ ಯಾವುದು. ಬಹುತೇಕ ಕಡೆ ಬರೆಯಲು ಏನೂ ಸಿಗಲಿಲ್ಲ. 'ಸರ್, ದುರುದ್ದೇಶ ಅಂತ ಎಲ್ಲಾ ಕಡೆ ಐತ್ರಿ, ಆದ್ರ ಒಂದು ತಾರೀಖಾದ್ರೂ ಹಾಕಿಲ್ಲ ನೋಡ್ರಿ' ಎಂದು ಅವರು ಹಿರಿಯ ವಕೀಲರಿಗೆ ಹೇಳಿದ ಮಾತಿನಲ್ಲೇ ನಮ್ಮ ಅರ್ಜಿಯ ಸಾರವಿತ್ತು. ಮನೆಯ ಮಾಲೀಕರು ಬಾಡಿಗೆಗೆ ಜಾಗ ಕೊಟ್ಟರು ಎಂಬುದನ್ನು ಬಿಟ್ಟರೆ ಅವರ ಬಗ್ಗೆ ಒಂದೇ ಒಂದು ಸಂಗತಿ ಇರಲಿಲ್ಲ. ವಿದ್ಯಾರ್ಥಿಗಳ ಪಟ್ಟಿ ಕದ್ದರು ಎಂಬ ಆರೋಪವಿತ್ತು. ಕದ್ದವರು ಯಾರು, ಪಟ್ಟಿ ಎಲ್ಲಿತ್ತು, ಅದರಲ್ಲಿದ್ದ ಯಾವ ವಿದ್ಯಾರ್ಥಿ ಅದರಿಂದಾಗಿ ನಮ್ಮಲ್ಲಿಗೆ ಬಂದ ಎಂಬುದು ಇರಲಿಲ್ಲ. 25 ಲಕ್ಷದ ಅಂಕಿಗೆ ಲೆಕ್ಕದ ಹಾಳೆಯೇ ಇರಲಿಲ್ಲ.

ಕಾನೂನು ಈ ಕೊರತೆಯನ್ನು ಹೇಗೆ ನೋಡುತ್ತದೆ ಎಂಬುದು ಈ ಕಚೇರಿಯಿಂದ ನಾನು ಕಲಿತ ಅತಿ ಮುಖ್ಯ ವಿಷಯ. ಪ್ರಕ್ರಿಯಾ ಸಂಹಿತೆಯ ಆದೇಶ 6 (ಸಂಹಿತೆಯಲ್ಲಿ ನಿಯಮಗಳ ಗುಂಪಿಗೆ ಆದೇಶ ಎನ್ನುತ್ತಾರೆ), ನಿಯಮ 4 ವಂಚನೆ, ತಪ್ಪು ನಿರೂಪಣೆ, ನಂಬಿಕೆದ್ರೋಹ, ಅನುಚಿತ ಪ್ರಭಾವ ಮುಂತಾದವನ್ನು ಹೆಸರಿಸಿ, ದಿನಾಂಕ ಸಹಿತ ವಿವರಗಳನ್ನು ವಾದಪತ್ರದಲ್ಲೇ ಕೊಡಬೇಕೆನ್ನುತ್ತದೆ. ಸಂಚು ಎಂಬ ಪದ ಆ ಪಟ್ಟಿಯಲ್ಲಿಲ್ಲ. ಆದರೆ ವಿವರಗಳು ಅಗತ್ಯವಾಗುವ ಇತರ ಎಲ್ಲ ಪ್ರಕರಣಗಳಿಗೂ ಅದೇ ನಿಯಮ ಅನ್ವಯಿಸುತ್ತದೆ, ಸಂಚಿನ ಆರೋಪ ಅಂಥದ್ದೇ ಎಂಬುದು ನಮ್ಮ ವಕೀಲರ ವಾದ. ಮಾತು ಎಷ್ಟೇ ಕಠಿಣವಾಗಿದ್ದರೂ ಬರೀ ಸಾಮಾನ್ಯ ಆರೋಪಗಳನ್ನು ವಂಚನೆಯ ನಿವೇದನೆಯೆಂದೇ ಪರಿಗಣಿಸಲಾಗದು ಎಂದು ಸುಪ್ರೀಂ ಕೋರ್ಟ್ 1951ರಷ್ಟು ಹಿಂದೆಯೇ, ಬಿಷುಂದೇವ್ ನಾರಾಯಣ್ ಪ್ರಕರಣದಲ್ಲಿ, ಹೇಳಿದೆ.

ಆದೇಶ 7, ನಿಯಮ 11ರಡಿ ವಾದಪತ್ರ ತಿರಸ್ಕರಿಸಲು ಅರ್ಜಿ ತಯಾರಾಯಿತು. ನಾವು ಒಂದು ಚೀಲ ತುಂಬ ದಾಖಲೆ ಒಯ್ದಿದ್ದೆವು: ವಾಟ್ಸ್ಆ್ಯಪ್ ಸಂದೇಶಗಳು, ಸಂಬಳದ ಚೀಟಿಗಳು, ವಿದ್ಯಾರ್ಥಿಗಳ ಪತ್ರಗಳು. ಅವನ್ನು ಅವರು ಬದಿಗಿಟ್ಟರು. ಈ ಹಂತದಲ್ಲಿ ನ್ಯಾಯಾಲಯ ವಾದಪತ್ರವನ್ನೂ ಅದರ ಜೊತೆ ಸಲ್ಲಿಸಿದ ದಾಖಲೆಗಳನ್ನೂ ಮಾತ್ರ ನೋಡುತ್ತದೆ, ಅಲ್ಲಿ ಹೇಳಿದ್ದೆಲ್ಲ ನಿಜವೆಂದೇ ಹಿಡಿದರೂ ದಾವೆಗೆ ಕಾರಣವಿದೆಯೇ ಎಂದಷ್ಟೇ ಪರಿಶೀಲಿಸುತ್ತದೆ, ಪ್ರತಿವಾದಿಯ ಕಥೆಗೆ ಇಲ್ಲಿ ಜಾಗವಿಲ್ಲ. 2020ರ ದಹಿಬೆನ್ ತೀರ್ಪಿನಲ್ಲಿ ಈ ನಿಯಮಗಳೆಲ್ಲ ಒಂದೆಡೆ ಸಿಗುತ್ತವೆ. ಇನ್ನೊಂದು ತೀರ್ಪು ನಮ್ಮ ರಾಜ್ಯದ್ದೇ ಮೊಕದ್ದಮೆಯಿಂದ ಹುಟ್ಟಿದ್ದು: ಬೆಂಗಳೂರಿನ ಮುನ್ಸಿಫ್ ನ್ಯಾಯಾಲಯದಲ್ಲಿದ್ದ ದಾವೆಗೆ ಸಂಬಂಧಿಸಿದ 1977ರ ಅರಿವಂದಂದಂ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಜಾಣ ಬರವಣಿಗೆಯಿಂದ ದಾವೆಗೆ ಕಾರಣವಿರುವಂಥ ಭ್ರಮೆ ಹುಟ್ಟಿಸಿದ್ದರೆ ಅದನ್ನು ಮೊದಲ ವಿಚಾರಣೆಯಲ್ಲೇ ಮೊಳಕೆಯಲ್ಲಿ ಚಿವುಟಬೇಕು ಎಂದು ಕೆಳ ನ್ಯಾಯಾಲಯಗಳಿಗೆ ನೆನಪಿಸಿದ್ದರು.

ಇಲ್ಲಿಯೇ ನೋಟಿಸ್ ಅವಧಿಯ ಸಂಬಳ ಕಟ್ಟಿಸಿದ್ದರ ಅರ್ಥ ತಿಳಿದದ್ದು. ನಿಯಮ 11ರಡಿ ವಾದಪತ್ರವನ್ನು ತುಂಡು ತುಂಡಾಗಿ ತಿರಸ್ಕರಿಸಲು ಬರುವುದಿಲ್ಲ. ಕೆಲವು ಪರಿಹಾರಗಳನ್ನು ಮಾತ್ರ ಅಥವಾ ಕೆಲವು ಪ್ರತಿವಾದಿಗಳ ಮಟ್ಟಿಗೆ ಮಾತ್ರ ತಿರಸ್ಕರಿಸಲಾಗದು ಎಂದು 2017ರ ಸೇಜಲ್ ಗ್ಲಾಸ್ ಮತ್ತು 2019ರ ಮಾಧವ ಪ್ರಸಾದ್ ಅಗರ್ವಾಲ್ ತೀರ್ಪುಗಳು ಹೇಳುತ್ತವೆ. ಸಂಬಳದ ಬಾಕಿ ಒಂದು ಚಿಕ್ಕ ಬೇಡಿಕೆಯಾಗಿ ವಾದಪತ್ರದಲ್ಲಿ ಉಳಿದಿದ್ದರೂ ಅದರ ಬೆನ್ನಿಗೆ ಅಂಟಿಕೊಂಡು ಸಂಚಿನ ಕಥೆ ಪೂರ್ತಿ ವಿಚಾರಣೆಗೆ ಹೋಗುತ್ತಿತ್ತು. ಹಣ ಮೊದಲೇ ಸಂದಿದ್ದರಿಂದ ಸಂಸ್ಥೆಯವರು ಆ ಬೇಡಿಕೆಯನ್ನು ಸೇರಿಸಲಿಲ್ಲ. ಉಳಿದವು ಎರಡೇ: ಸಂಚಿನ ನಷ್ಟಪರಿಹಾರ ಮತ್ತು ತಡೆಯಾಜ್ಞೆ. ತಡೆಯಾಜ್ಞೆಗೆ ಆಧಾರವಾಗಿದ್ದ, ಕೆಲಸ ಬಿಟ್ಟ ಮೇಲೂ ಪಾಠ ಮಾಡಬಾರದೆಂಬ ಕರಾರು ವೃತ್ತಿ, ವ್ಯಾಪಾರ ಮಾಡದಂತೆ ತಡೆಯುವ ಕರಾರು ಅಸಿಂಧು ಎನ್ನುವ 1872ರ ಕರಾರು ಕಾಯ್ದೆಯ 27ನೆಯ ಕಲಮಿಗೆ ವಿರುದ್ಧವಾದದ್ದು. ನೌಕರಿಯಲ್ಲಿರುವಾಗಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 1967ರ ಗೋಲಿಕಾರಿ ಪ್ರಕರಣದಲ್ಲಿ ಒಪ್ಪಿದೆ, ನೌಕರಿ ಮುಗಿದ ನಂತರವೂ ಮುಂದುವರಿಯುವ ನಿರ್ಬಂಧ ಅದಕ್ಕಿಂತ ಬೇರೆಯದು.

ಗೆಲುವಿನ ಭರವಸೆಯನ್ನು ಅವರು ಎಂದೂ ಕೊಡಲಿಲ್ಲ. ಇದು ಸಾಕ್ಷ್ಯದ ವಿಷಯ, ವಿಚಾರಣೆಯಲ್ಲೇ ತೀರ್ಮಾನವಾಗಲಿ ಎಂದು ನ್ಯಾಯಾಲಯ ಅರ್ಜಿಯನ್ನು ವಜಾ ಮಾಡುವ ಸಾಧ್ಯತೆ ಸಾಕಷ್ಟಿದೆ ಎಂದೇ ಹೇಳಿದ್ದರು. ಆದ್ದರಿಂದ ಕೈಫಿಯತ್ತನ್ನೂ (ಪ್ರತಿವಾದಿಯ ಲಿಖಿತ ಉತ್ತರ) ಜೊತೆಯಲ್ಲೇ ಸಲ್ಲಿಸಿದರು. ಸಮನ್ಸ್ ಜಾರಿಯಾದ ಮೇಲೆ 30 ದಿನ, ನ್ಯಾಯಾಲಯ ಒಪ್ಪಿದರೆ 90 ದಿನದವರೆಗೆ ಎಂಬ ಗಡುವು, ನಿಯಮ 11ರ ಅರ್ಜಿ ಹಾಕಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಅರ್ಜಿ ಬಿದ್ದರೆ ಮನೆ ಮಾಲೀಕರನ್ನೂ ಮುದ್ರಣಾಲಯದವರನ್ನೂ ಆದೇಶ 1, ನಿಯಮ 10ರಡಿ ದಾವೆಯಿಂದ ತೆಗೆಸುವ ಇನ್ನೊಂದು ಅರ್ಜಿಯನ್ನು ಸಿದ್ಧವಾಗಿಟ್ಟಿದ್ದರು.

ಅದರ ಅಗತ್ಯ ಬೀಳಲಿಲ್ಲ. ವಾದಪತ್ರದಲ್ಲಿ ದಾವೆಗೆ ಕಾರಣ ಕಾಣುವುದಿಲ್ಲ, ಕೇಳಿದ ತಡೆಯಾಜ್ಞೆ ಕಾನೂನಿಗೆ ವಿರುದ್ಧವಾದ ಕರಾರನ್ನು ಅವಲಂಬಿಸಿದೆ ಎಂಬ ಎರಡೂ ಆಧಾರಗಳ ಮೇಲೆ ವಾದಪತ್ರ ಇಡಿಯಾಗಿ ತಿರಸ್ಕೃತವಾಯಿತು. ಅಂದು ಸಂಜೆ ಕಚೇರಿಯಲ್ಲಿ ನಮಗೆ ಸಿಕ್ಕದ್ದು ಅಭಿನಂದನೆಗಿಂತ ಹೆಚ್ಚಾಗಿ ಎಚ್ಚರಿಕೆ. ಆದೇಶ 7ರ ನಿಯಮ 13ರ ಪ್ರಕಾರ ವಿವರಗಳನ್ನು ಸರಿಪಡಿಸಿ ಹೊಸ ದಾವೆ ಹೂಡಲು ವಾದಿಗೆ ದಾರಿ ತೆರೆದೇ ಇರುತ್ತದೆ, ತಿರಸ್ಕಾರದ ಆದೇಶ ಡಿಕ್ರಿಗೆ (ದಾವೆಯ ಅಂತಿಮ ತೀರ್ಮಾನಕ್ಕೆ) ಸಮವಾದದ್ದರಿಂದ ಮೇಲ್ಮನವಿಯೂ ಇದೆ, ಅದಕ್ಕೆ ಜಿಲ್ಲಾ ನ್ಯಾಯಾಲಯವಾದರೆ 30 ದಿನ, ಹೈಕೋರ್ಟ್ ಆದರೆ 90 ದಿನ ಎಂದು ತಿಳಿಸಿದರು. ಸುಳ್ಳು ದಾವೆಗೆ ಪ್ರತಿಯಾಗಿ ಮಾನನಷ್ಟದ ದಾವೆ ಹೂಡೋಣ ಎಂದು ನಮ್ಮಲ್ಲೊಬ್ಬರು ಹಟ ಹಿಡಿದಾಗ, ಸುಳ್ಳು ದಾವೆಗೆ ಪ್ರಕ್ರಿಯಾ ಸಂಹಿತೆಯ 35ಎ ಕಲಮಿನಡಿ ಸಿಗುವ ಪರಿಹಾರಕ್ಕೆ 3,000 ರೂಪಾಯಿಯ ಮಿತಿಯಿದೆ, ಹೊಸ ದಾವೆ ನಿಮ್ಮ ಪಾಠದ ಸಮಯವನ್ನೇ ತಿನ್ನುತ್ತದೆ ಎಂದು ಸಮಾಧಾನದಿಂದ ತಡೆದರು. ಹೊಸ ಮೊಕದ್ದಮೆ ಹಿಡಿದರೆ ಶುಲ್ಕ ಬರುತ್ತಿದ್ದದ್ದು ಅವರಿಗೇ. ಮೇಲ್ಮನವಿಯ ಅವಧಿ ಮುಗಿದಿದೆ, ಯಾರೂ ಮುಂದೆ ಹೋಗಿಲ್ಲ.

ವಾದಿಯ ಸಂಸ್ಥೆಯ ಬಗ್ಗೆಯೂ ನ್ಯಾಯವಾಗಿ ಬರೆಯಬೇಕು. ಒಂದೇ ಸಲಕ್ಕೆ ಮೂವರು ಶಿಕ್ಷಕರು ಹೊರನಡೆದರೆ ಯಾವ ಕೇಂದ್ರಕ್ಕಾದರೂ ಪೆಟ್ಟು ಬೀಳುತ್ತದೆ, ಆ ನೋವು ನಿಜವಾದದ್ದೇ. ನಾವು ನಿಜಕ್ಕೂ ನೋಟ್ಸು ನಕಲು ಮಾಡಿದ್ದರೆ ಅವರು ಜಿಲ್ಲಾ ನ್ಯಾಯಾಲಯದಲ್ಲಿ ಹಕ್ಕುಸ್ವಾಮ್ಯದ ದಾವೆ ಹೂಡಿ ಬಲವಾಗಿ ನಿಲ್ಲಬಹುದಿತ್ತು. ಸಂಚಿನ ಕಾನೂನು ಇರುವುದೂ ನಿಜವಾದ ಸಂಚುಗಳಿಗಾಗಿಯೇ. ಆ ಕಾನೂನನ್ನು ಬಾಡಿಗೆ ಕೊಟ್ಟ ಒಬ್ಬ ವೃದ್ಧರ ತನಕ ಎಳೆದದ್ದನ್ನು ಮಾತ್ರ ನಾನು ಒಪ್ಪಲಾರೆ. ಸಮನ್ಸು ಬಂದ ದಿನದಿಂದ ಆ ಹಿರಿಯರ ರಾತ್ರಿಯ ನಿದ್ದೆ ಹಾಳಾಗಿತ್ತು.

ಸೇವೆಯ ಕೊರತೆಗಳನ್ನು ಮುಚ್ಚಿಡುವುದಿಲ್ಲ. ಹೈಕೋರ್ಟಿನ ಸಂಚಾರಿ ಪೀಠ ಧಾರವಾಡಕ್ಕೆ ಬಂದದ್ದು 2008ರಲ್ಲಿ, ಅದು ಕಾಯಂ ಆದದ್ದು 2013ರಲ್ಲಿ. ಬೆಂಗಳೂರಿಗೆ ಓಡಾಡುತ್ತಿದ್ದ ಈ ಭಾಗದ ಕಕ್ಷಿದಾರರಿಗೆ ಅದರಿಂದ ದೊಡ್ಡ ಉಪಕಾರವಾಗಿದೆ, ಆದರೆ ಹಿರಿಯ ವಕೀಲರ ದಿನ ಎರಡು ಕಡೆ ಹಂಚಿಹೋಗುತ್ತದೆ. ನಮ್ಮ ಹಿರಿಯರು ಪೀಠದ ಕೆಲಸದಲ್ಲಿದ್ದಾಗ ಕೆಲವು ತಾರೀಖುಗಳು ಕಿರಿಯರ ಕೈಯಲ್ಲಿ ಬರೀ ಮುಂದೂಡಿಕೆಯಲ್ಲೇ ಮುಗಿದವು, ಹೀಗಾಗುತ್ತದೆ ಎಂದು ಹಿಂದಿನ ದಿನವೇ ತಿಳಿಸುವ ವ್ಯವಸ್ಥೆ ಇರಲಿಲ್ಲ. ಗುಮಾಸ್ತರು ಟೈಪಿಂಗ್, ನಕಲು, ಪ್ರಮಾಣಪತ್ರದ (ಅಫಿಡವಿಟ್) ಖರ್ಚೆಂದು ಪಡೆಯುತ್ತಿದ್ದ ಚಿಲ್ಲರೆ ಹಣಕ್ಕೆ ರಸೀದಿ ಕೊಡಲಿಲ್ಲ. ಶುಲ್ಕಕ್ಕೆ ಅಚ್ಚುಕಟ್ಟಾಗಿ ರಸೀದಿ ಕೊಡುವ ಕಚೇರಿ ಇದನ್ನೂ ಸರಿಪಡಿಸಬೇಕು. ಎಲ್ಲಕ್ಕಿಂತ ನನಗೆ ಬೇಸರವಾದದ್ದು ಕಾಗದಪತ್ರಗಳೆಲ್ಲ ಇಂಗ್ಲಿಷಿನಲ್ಲಿ ಇದ್ದದ್ದು. ಬಾಯಿಮಾತಿನಲ್ಲಿ ಅಷ್ಟು ಚೆನ್ನಾಗಿ ಕನ್ನಡದಲ್ಲಿ ತಿಳಿಸುವವರು, ಕನ್ನಡ ಮಾತ್ರ ಓದಬಲ್ಲ ಕಕ್ಷಿದಾರರು ಸಹಿ ಹಾಕುವ ಪ್ರಮಾಣಪತ್ರಕ್ಕೆ ಒಂದು ಪುಟದ ಕನ್ನಡ ಸಾರಾಂಶವನ್ನಾದರೂ ಜೋಡಿಸಬೇಕು. ನಾನು ಕೇಳಿದ ಮೇಲೆ ಮನೆ ಮಾಲೀಕರಿಗೆ ಹಾಗೆ ಮಾಡಿಕೊಟ್ಟರು. ಕೇಳದೆಯೇ ಕೊಡುವಂತಾದರೆ ಚೆನ್ನ.

ಶುಲ್ಕವನ್ನು ನೋಟಿಸಿಗೆ ಉತ್ತರ ಮತ್ತು ಕೇವಿಯಟ್, ನಿಯಮ 11ರ ಅರ್ಜಿ ಮತ್ತು ಕೈಫಿಯತ್ತು, ಮುಂದೆ ವಿಚಾರಣೆ ನಡೆದರೆ ಅದಕ್ಕೆ ಬೇರೆ, ಹೀಗೆ ಮೂರು ಹಂತಗಳಾಗಿ ಮೊದಲೇ ಬರೆದುಕೊಟ್ಟಿದ್ದರು. ಮೊದಲ ಎರಡು ಹಂತಗಳಿಗೆ ಐದೂ ಪ್ರತಿವಾದಿಗಳ ಪರವಾಗಿ ಒಟ್ಟು 60,000 ರೂಪಾಯಿ ಆಯಿತು; ಮೂರನೆಯ ಹಂತ ಬರಲಿಲ್ಲವಾದ್ದರಿಂದ ಅದರ ಹಣವನ್ನು ಕೇಳಲಿಲ್ಲ. ಗೆದ್ದರೆ ಇಂತಿಷ್ಟು ಎಂಬ ಒಪ್ಪಂದಕ್ಕೆ ವಕೀಲರ ಪರಿಷತ್ತಿನ ನಿಯಮಗಳಲ್ಲಿ ಅವಕಾಶವಿಲ್ಲ, ಅಂಥ ಮಾತನ್ನು ಅವರು ಎತ್ತಲೂ ಇಲ್ಲ. ಮಾಡಿದ ಕೆಲಸಕ್ಕೆ ಹೋಲಿಸಿದರೆ ಈ ಮೊತ್ತ ನ್ಯಾಯವಾದದ್ದು ಎಂಬುದು ನನ್ನ ಅಭಿಪ್ರಾಯ. ತಾರೀಖಿನ ಮಾಹಿತಿಗೆ ಕಚೇರಿಯನ್ನು ಕಾಯುವ ಬದಲು ಪ್ರತಿ ಮೊಕದ್ದಮೆಗೂ ಕೊಡುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಗುರುತಿನ ಸಂಖ್ಯೆಯನ್ನು ಮೊದಲ ದಿನವೇ ಪಡೆದು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೋಡಿಕೊಳ್ಳುವುದು ಒಳ್ಳೆಯದು, ನಾವು ಹಾಗೆಯೇ ಮಾಡಿದೆವು.

ತಮ್ಮ ಮೇಲೆ ಯಾರೋ ಸೇರಿಕೊಂಡು ಸಂಚು ಮಾಡಿದ್ದಾರೆಂದು ದಾವೆ ಹೂಡಲು ಬರುವವರನ್ನೂ ಈ ಕಚೇರಿ ಅದೇ ನಾಲ್ಕು ಪ್ರಶ್ನೆಗಳಿಂದ ಎದುರುಗೊಳ್ಳುತ್ತದೆ. ನಾವು ಹೊರಗೆ ಕಾಯುತ್ತಿದ್ದಾಗ ಒಬ್ಬ ವ್ಯಾಪಾರಿಗೆ, ಹೆಸರು, ತಾರೀಖು, ನಷ್ಟದ ಲೆಕ್ಕ ತಂದ ಮೇಲೆಯೇ ಬರೆಯುತ್ತೇನೆ ಎಂದು ಹೇಳಿ ಕಳಿಸಿದ್ದನ್ನು ಕೇಳಿಸಿಕೊಂಡಿದ್ದೇನೆ. ಬಿಸಿಬಿಸಿಯಾಗಿ ದೊಡ್ಡ ಮೊತ್ತದ ದಾವೆ ಹಾಕಿಸಿ ಎದುರಾಳಿಯನ್ನು ಹೆದರಿಸಬೇಕೆನ್ನುವವರಿಗೆ ಈ ಜಾಗ ಹೊಂದುವುದಿಲ್ಲ. ದಾವೆಯನ್ನು ಎದುರಿಸಬೇಕಾದವರು ಸಂಜೆ 6ರ ನಂತರ ಹೋಗಬೇಕು, ಕಾಯಲು ಸಿದ್ಧರಿರಬೇಕು. ಸಮನ್ಸು ಮುಟ್ಟಿದ ತಾರೀಖು ನಮೂದಾಗಿರುವ ಲಕೋಟೆ, ವಾದಪತ್ರದ ಜೊತೆ ಬಂದ ಎಲ್ಲ ಹಾಳೆಗಳು, ನೌಕರಿಯ ಕರಾರುಪತ್ರ ಮತ್ತು ಮೊದಲು ಬಂದಿದ್ದ ನೋಟಿಸು, ಇವಿಷ್ಟನ್ನೂ ಒಂದೇ ಕಡತದಲ್ಲಿ ಒಯ್ದರೆ ಮೊದಲ ಭೇಟಿಯಲ್ಲೇ ಕೆಲಸ ಆರಂಭವಾಗುತ್ತದೆ.